ಕೊಟ್ಟ ಬೆಲೆ ಎಷ್ಟು? ಅಮೆರಿಕನ್ ಫುಟ್‌ಬಾಲ್ ತಂಡದ ಜನರಲ್ ಮ್ಯಾನೇಜರ್‌ನನ್ನು ಅಳೆಯುವ ಬಗೆ

2017ರ ಏಪ್ರಿಲ್ 27ರ ರಾತ್ರಿ ಕಾನ್ಸಸ್ ಸಿಟಿ ಚೀಫ್ಸ್ ತಂಡ ಬಫಲೋ ಬಿಲ್ಸ್ ಜೊತೆ ಒಂದು ವ್ಯಾಪಾರ ಕುದುರಿಸಿತು. ಅಂದು ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟ್‌ನ ಮೊದಲ ದಿನ. ಹತ್ತನೆಯ ಸರದಿ ಬಿಲ್ಸ್‌ದು, ಇಪ್ಪತ್ತೇಳನೆಯದು ಚೀಫ್ಸ್‌ದು. ಬಿಲ್ಸ್ ತನ್ನ ಸರದಿ ಬಿಟ್ಟುಕೊಟ್ಟು, ಬದಲಿಗೆ 27ನೇ ಸರದಿ, 91ನೇ ಸರದಿ ಮತ್ತು ಮುಂದಿನ ವರ್ಷದ ಮೊದಲ ಸುತ್ತಿನ ಒಂದು ಸರದಿ ಪಡೆಯಿತು. ಹಾಗೆ ಕೊಂಡ ಹತ್ತನೇ ಸರದಿಯಲ್ಲಿ ಚೀಫ್ಸ್ ಆರಿಸಿದ್ದು ಪ್ಯಾಟ್ರಿಕ್ ಮಹೋಮ್ಸ್ ಎಂಬ ಹುಡುಗನನ್ನು. ಆತ ಮುಂದೆ ಮೂರು ಸೂಪರ್ ಬೌಲ್, ಅಂದರೆ ಋತುವಿನ ಅಂತಿಮ ಪಂದ್ಯ, ಗೆದ್ದುಕೊಟ್ಟ.

ಮಹೋಮ್ಸ್‌ನನ್ನು ಕೈಬಿಟ್ಟ ಬಿಲ್ಸ್‌ನ ಜನರಲ್ ಮ್ಯಾನೇಜರ್ ಡಗ್ ವೇಲಿ ಅವರನ್ನು ಡ್ರಾಫ್ಟ್ ಮುಗಿದ ಮರುದಿನವೇ ಮನೆಗೆ ಕಳಿಸಲಾಯಿತು. ಇದರಲ್ಲಿ ಅಚ್ಚರಿಯಿಲ್ಲ ಎನ್ನಬಹುದು. ಆದರೆ ಮಹೋಮ್ಸ್‌ನನ್ನು ಕೊಂಡ ಚೀಫ್ಸ್‌ನ ಜಾನ್ ಡಾರ್ಸಿ ಅವರನ್ನೂ ಅದೇ ಜೂನ್‌ನಲ್ಲಿ ತೆಗೆದರು. ಮಾರಿದವನ ಕೆಲಸವೂ ಹೋಯಿತು, ಕೊಂಡವನ ಕೆಲಸವೂ ಹೋಯಿತು. ಡಾರ್ಸಿ ಕುರ್ಚಿಗೆ ಬಂದ ಬ್ರೆಟ್ ವೀಚ್ ಅವರ ಲೆಕ್ಕಕ್ಕೆ ಆ ಮೂರೂ ಟ್ರೋಫಿಗಳು ಸೇರಿದವು. ಬಿತ್ತಿದವನೊಬ್ಬ, ಉಂಡವನೊಬ್ಬ ಎಂದು ಮುಗಿಸಿಬಿಡೋಣವೆಂದರೆ ಅದೂ ನ್ಯಾಯವಲ್ಲ. ಡಾರ್ಸಿಯವರ ಕೈಕೆಳಗಿದ್ದಾಗ ಮಹೋಮ್ಸ್ ಬೇಕೇ ಬೇಕೆಂದು ಹಠ ಹಿಡಿದವರಲ್ಲಿ ವೀಚ್ ಕೂಡ ಒಬ್ಬರು. ಇನ್ನು ಬಿಲ್ಸ್ ತೀರ ಮೋಸ ಹೋಯಿತೇ ಎಂದರೆ, 27ರಲ್ಲಿ ಸಿಕ್ಕ ಟ್ರೆಡೇವಿಯಸ್ ವೈಟ್ ಒಳ್ಳೆಯ ಆಟಗಾರನಾದ, ಮುಂದೆ ತಾರೆಯಾದ ಜಾಶ್ ಅಲೆನ್ ಮರುವರ್ಷ ಆ ತಂಡಕ್ಕೆ ಬಂದ.

ಹಾಗಾದರೆ ಆ ರಾತ್ರಿ ಯಾರು ಜಾಣರು, ಯಾರು ದಡ್ಡರು?

ಇಲ್ಲಿ ಫುಟ್‌ಬಾಲ್ ಎಂದರೆ ಕಾಲಲ್ಲಿ ಒದೆಯುವ ಆಟವಲ್ಲ. ಹೆಲ್ಮೆಟ್ ಹಾಕಿಕೊಂಡು, ಮೊಟ್ಟೆಯಾಕಾರದ ಚೆಂಡು ಹಿಡಿದು ಓಡುವ ಅಮೆರಿಕದ ಆಟ. ಅದರ ದೊಡ್ಡ ಲೀಗ್ ಎನ್‌ಎಫ್‌ಎಲ್‌ನಲ್ಲಿ 32 ತಂಡಗಳಿವೆ. ಸಾಂತಾ ಕ್ಲಾರಾ, ಸನ್ನಿವೇಲ್ ಕಡೆಯ ಕನ್ನಡಿಗರಿಗೆ ಫೋರ್ಟಿನೈನರ್ಸ್ ತಂಡದ ಕ್ರೀಡಾಂಗಣ ಮನೆ ಪಕ್ಕದ್ದೇ. ಪಂದ್ಯದ ಭಾನುವಾರ ತರಕಾರಿ ತರಲು ಹೊರಟರೂ ಕೆಂಪಂಗಿಗಳ ನಡುವೆ ಸಿಕ್ಕಿಕೊಳ್ಳಬೇಕು. ಅಲ್ಲಿ ನಾಲ್ಕು ಜನ ಸೇರಿದರೆ ಕೋಚ್‌ಗೆ ಬೀಳುವಷ್ಟೇ ಬೈಗುಳ ಜನರಲ್ ಮ್ಯಾನೇಜರ್‌ಗೂ ಬೀಳುತ್ತದೆ. ಎಲ್ಲರ ಬಾಯಲ್ಲೂ ಆತ 'ಜಿಎಂ'. ಆದರೆ ಆತ ಮಾಡುವ ಕೆಲಸವೇನು ಎಂದು ಕೇಳಿದರೆ ಉತ್ತರ ಮಸುಕು.

ಮದುವೆ ಮನೆಯನ್ನು ನೆನೆಸಿಕೊಳ್ಳಿ. ಅಡುಗೆ ಭಟ್ಟರು ಒಬ್ಬರು, ಉಗ್ರಾಣ ನೋಡಿಕೊಳ್ಳುವವರು ಇನ್ನೊಬ್ಬರು. ಕೋಚ್ ಅಡುಗೆ ಭಟ್ಟ, ಜಿಎಂ ಉಗ್ರಾಣದವನು. ಯಾವ ಬೇಳೆ, ಎಷ್ಟು ತುಪ್ಪ, ಯಾವ ಅಂಗಡಿಯಿಂದ, ಯಾವ ದರಕ್ಕೆ ಎಂಬುದೆಲ್ಲ ಇವನ ಜವಾಬ್ದಾರಿ. ಸಾರು ಕೆಟ್ಟಾಗ ಬೇಳೆ ಕೆಟ್ಟದ್ದೋ ಬೇಯಿಸಿದ್ದು ಕೆಟ್ಟದ್ದೋ ಎಂದು ಊಟದ ಎಲೆಯ ಮುಂದೆ ಕೂತವರಿಗೆ ತಿಳಿಯುವುದಿಲ್ಲ. ಜಿಎಂನನ್ನು ಅಳೆಯುವ ಕಷ್ಟ ಶುರುವಾಗುವುದೇ ಇಲ್ಲಿಂದ.

ಉಗ್ರಾಣ ತುಂಬಲು ದಾರಿಗಳು ಮೂರು. ಕಾಲೇಜು ಮುಗಿಸಿ ಬರುವ ಹುಡುಗರನ್ನು ಆರಿಸುವ ಡ್ರಾಫ್ಟ್, ಕರಾರು ಮುಗಿದ ಆಟಗಾರರನ್ನು ದುಡ್ಡು ಕೊಟ್ಟು ಕರೆತರುವುದು, ಇತರ ತಂಡಗಳ ಜೊತೆ ಅದಲುಬದಲು. ಐಪಿಎಲ್ ಹರಾಜು ನೋಡಿದವರಿಗೆ ಇದು ಅರ್ಧ ಪರಿಚಿತ. 2025ರ ಐಪಿಎಲ್‌ಗೆ ಪ್ರತಿ ತಂಡದ ಗಂಟು 120 ಕೋಟಿ ರೂಪಾಯಿ ಇತ್ತಲ್ಲ, ಹಾಗೆಯೇ ಎನ್‌ಎಫ್‌ಎಲ್‌ನಲ್ಲೂ ತಂಡದ ಸಂಬಳಕ್ಕೆ ಮಿತಿ ಇದೆ. 1994ರಲ್ಲಿ ಶುರುವಾದ ಈ ಮಿತಿ 2024ರಲ್ಲಿ 25.54 ಕೋಟಿ ಡಾಲರ್. ಅಷ್ಟರಲ್ಲಿ 53 ಜನರ ತಂಡ ಕಟ್ಟಬೇಕು. ಡ್ರಾಫ್ಟ್ ಮಾತ್ರ ಹರಾಜಲ್ಲ, ಸರದಿ ಸಾಲು. ಏಳು ಸುತ್ತು, ಹಿಂದಿನ ವರ್ಷ ಹೆಚ್ಚು ಸೋತವರಿಗೆ ಮೊದಲ ಸರದಿ, ಗೆದ್ದವರಿಗೆ ಕೊನೆಯದು. ಆ ಸರದಿಯನ್ನೇ ನಾಣ್ಯದಂತೆ ಚಲಾಯಿಸಬಹುದು, ಮುಂದಿನ ವರ್ಷಗಳದ್ದನ್ನೂ ಕೂಡ.

ಡ್ರಾಫ್ಟ್‌ನಲ್ಲಿ ಬಂದ ಹುಡುಗನಿಗೆ ಎಷ್ಟು ಸಂಬಳ ಎಂಬುದು ಅವನ ಸರದಿಯ ಮೇಲೆ ಹೆಚ್ಚುಕಮ್ಮಿ ಮೊದಲೇ ನಿಗದಿ. ಇದು 2011ರಿಂದ ಈಚಿನ ಕಥೆ. 2010ರಲ್ಲಿ ಮೊದಲನೆಯವನಾಗಿ ಆಯ್ಕೆಯಾದ ಸ್ಯಾಮ್ ಬ್ರಾಡ್‌ಫರ್ಡ್‌ಗೆ ಆರು ವರ್ಷಕ್ಕೆ 7.8 ಕೋಟಿ ಡಾಲರ್‌ನ ಕರಾರು ಸಿಕ್ಕಿತ್ತು. ಮರುವರ್ಷ ಅದೇ ಜಾಗದಲ್ಲಿ ಬಂದ ಕ್ಯಾಮ್ ನ್ಯೂಟನ್‌ಗೆ ನಾಲ್ಕು ವರ್ಷಕ್ಕೆ 2.2 ಕೋಟಿ. ಒಂದೇ ವರ್ಷದಲ್ಲಿ ಹೊಸ ಹುಡುಗರು ಇಷ್ಟು ಅಗ್ಗವಾದರು. ಅಂದಿನಿಂದ ಜಿಎಂಗಳ ಲಾಭವೆಲ್ಲ ಅಡಗಿರುವುದು ಈ ಸಂದಿಯಲ್ಲಿ: ತಾರೆಯಂತೆ ಆಡುವ ಹುಡುಗ, ಗುಮಾಸ್ತನ ಸಂಬಳ. ಆ ಉಳಿತಾಯದಲ್ಲಿ ಇನ್ನಿಬ್ಬರು ತಾರೆಯರನ್ನು ಸಾಕಬಹುದು.

ಅಭಿಮಾನಿಗೆ ಕಾಣುವುದು ಇದ್ಯಾವುದೂ ಅಲ್ಲ, ಗೆಲುವು ಸೋಲು. ಗೆದ್ದ ತಂಡದ ಜಿಎಂ ಒಳ್ಳೆಯವನು, ಸೋತ ತಂಡದವನು ಅಯೋಗ್ಯ. ಈ ತಕ್ಕಡಿಯಲ್ಲಿ ದೋಷವಿದೆ. ಋತುವಿಗೆ ಇರುವುದೇ 17 ಪಂದ್ಯ, ಅದರಲ್ಲೂ ಎಷ್ಟೋ ಪಂದ್ಯಗಳು ಕೊನೆಯ ನಿಮಿಷದಲ್ಲಿ ಇತ್ತಲೋ ಅತ್ತಲೋ ವಾಲುತ್ತವೆ. 2022ರಲ್ಲಿ ಮಿನೆಸೋಟ ವೈಕಿಂಗ್ಸ್ 13 ಪಂದ್ಯ ಗೆದ್ದಿತು. ಎಂಟು ಅಂಕದೊಳಗೆ ತೀರ್ಮಾನವಾದ 11 ಪಂದ್ಯಗಳಲ್ಲಿ 11ನ್ನೂ ಅದೇ ಗೆದ್ದಿತ್ತು. ಆದರೆ ಇಡೀ ಋತುವಿನಲ್ಲಿ ಗಳಿಸಿದ ಅಂಕಕ್ಕಿಂತ ಬಿಟ್ಟುಕೊಟ್ಟ ಅಂಕವೇ ಮೂರು ಹೆಚ್ಚು! ಪ್ಲೇಆಫ್‌ನ ಮೊದಲ ಪಂದ್ಯದಲ್ಲೇ ಮನೆಗೆ ಬಂತು, ಮರುವರ್ಷ 7 ಗೆಲುವಿಗೆ ಇಳಿಯಿತು. 13 ಗೆಲುವು ನೋಡಿ ಆ ಜಿಎಂಗೆ ಹಾರ ಹಾಕಿದ್ದರೆ ಮರುವರ್ಷ ಅದನ್ನೇ ಕಿತ್ತುಕೊಳ್ಳಬೇಕಾಗುತ್ತಿತ್ತು.

ಇನ್ನೊಂದು ಸಮಸ್ಯೆ ಕಾಲದ್ದು. ಅಡಿಕೆ ತೋಟ ಹಾಕಿದವನನ್ನು ಎರಡನೇ ವರ್ಷಕ್ಕೆ ಫಸಲೆಲ್ಲಿ ಎಂದು ಯಾರೂ ಕೇಳುವುದಿಲ್ಲ. ಕ್ಲೀವ್‌ಲ್ಯಾಂಡ್ ಬ್ರೌನ್ಸ್‌ನ ಸಾಶಿ ಬ್ರೌನ್ ಅವರನ್ನು ಕೇಳಿದರು. 2016ರ ಆರಂಭದಲ್ಲಿ ಅಧಿಕಾರ ಹಿಡಿದ ಈ ವಕೀಲರು ಇದ್ದದ್ದನ್ನೆಲ್ಲ ಮಾರಿ ಮುಂದಿನ ವರ್ಷಗಳ ಸರದಿಗಳನ್ನು ಕೂಡಿಹಾಕಿದರು. ಹ್ಯೂಸ್ಟನ್ ತಂಡಕ್ಕೆ ಭಾರವಾಗಿದ್ದ, ಚೆಂಡೆಸೆದು ದಾಳಿ ನಡೆಸುವ ಸ್ಥಾನದ ಒಬ್ಬ ಕ್ವಾರ್ಟರ್‌ಬ್ಯಾಕ್‌ನ ಸಂಬಳವನ್ನು ತಮ್ಮ ತಲೆಯ ಮೇಲೆ ಹೊತ್ತುಕೊಂಡು, ಅದಕ್ಕೆ ಪ್ರತಿಯಾಗಿ ಎರಡನೇ ಸುತ್ತಿನ ಸರದಿ ಪಡೆದರು. ಅಂದರೆ ಸಂಬಳದ ಮಿತಿಯೊಳಗೆ ಖರ್ಚಾಗದೆ ಉಳಿದಿದ್ದ ದುಡ್ಡಿನಲ್ಲಿ ಸರದಿ ಕೊಂಡಂತಾಯಿತು. ಅಂಥ ಯೋಚನೆ ಅದುವರೆಗೆ ಆ ಲೀಗ್‌ಗೆ ಹೊಸದು. ಮೈದಾನದಲ್ಲಿ ಮಾತ್ರ ಗೋಳು. ಮೊದಲ ವರ್ಷ 16ರಲ್ಲಿ 1 ಗೆಲುವು, ಎರಡನೇ ವರ್ಷ ಸೊನ್ನೆ. ಲೆಕ್ಕ 1–27, ಅಂದರೆ 1 ಗೆಲುವು 27 ಸೋಲು, ಆಗಿದ್ದಾಗ, 2017ರ ಡಿಸೆಂಬರ್‌ನಲ್ಲಿ, ಅವರನ್ನು ತೆಗೆದರು.

ಅವರು ಕೂಡಿಟ್ಟದ್ದನ್ನು ಖರ್ಚು ಮಾಡುವ ಭಾಗ್ಯ ಬಂದದ್ದು ಯಾರಿಗೆ ಗೊತ್ತೆ? ಮಹೋಮ್ಸ್‌ನನ್ನು ಆರಿಸಿ ಕೆಲಸ ಕಳೆದುಕೊಂಡಿದ್ದ ಅದೇ ಜಾನ್ ಡಾರ್ಸಿಗೆ. 2018ರ ಡ್ರಾಫ್ಟ್‌ನಲ್ಲಿ ಡಾರ್ಸಿ ಆರಿಸಿದ ಡೆಂಜೆಲ್ ವಾರ್ಡ್, ನಿಕ್ ಚಬ್ ಇಬ್ಬರೂ ಹ್ಯೂಸ್ಟನ್‌ನಿಂದ ಸಾಶಿ ಬ್ರೌನ್ ತಂದಿಟ್ಟಿದ್ದ ಸರದಿಗಳಲ್ಲಿ ಬಂದವರು. 2017ರಲ್ಲಿ ಸ್ವತಃ ಸಾಶಿ ಬ್ರೌನ್ ಅವಧಿಯಲ್ಲಿ ಆಯ್ಕೆಯಾದ ಮೈಲ್ಸ್ ಗ್ಯಾರೆಟ್ 2023ರ ಋತುವಿನ ಶ್ರೇಷ್ಠ ರಕ್ಷಣಾ ಆಟಗಾರನಾದ. ಹಾಗೆಂದು ಅವರನ್ನು ಹುತಾತ್ಮರನ್ನಾಗಿ ಮಾಡುವುದೂ ಬೇಡ. ವಾರ್ಡ್‌ನನ್ನು ತಂದ ಸರದಿ ಸಿಕ್ಕಿದ್ದೇ ಅವರು 2017ರ 12ನೇ ಸರದಿಯನ್ನು ಮಾರಿದ್ದರಿಂದ. ಹ್ಯೂಸ್ಟನ್ ಆ 12ರಲ್ಲಿ ಆರಿಸಿದ್ದು ಡೆಶಾನ್ ವಾಟ್ಸನ್ ಎಂಬ ಕ್ವಾರ್ಟರ್‌ಬ್ಯಾಕ್‌ನನ್ನು. ಈ ಹೆಸರು ನೆನಪಿರಲಿ, ಮುಂದೆ ಬರುತ್ತಾನೆ.

ಗೆಲುವು ಸೋಲು ಬಿಟ್ಟರೆ ಜನ ಹಿಡಿಯುವ ಎರಡನೇ ಅಳತೆಗೋಲು ಆಯ್ಕೆಗಳದ್ದು. ಅವನನ್ನು ಬಿಟ್ಟು ಇವನನ್ನು ಆರಿಸಿದ, ಎಂಥ ಮೂರ್ಖ! ನಮ್ಮಲ್ಲೂ ಇದೆ ಈ ಚಟ. 2018ರಲ್ಲಿ ಆರ್‌ಸಿಬಿ ಕೆ.ಎಲ್. ರಾಹುಲ್‌ನನ್ನು ಉಳಿಸಿಕೊಳ್ಳದೆ, ಪಂಜಾಬ್ 11 ಕೋಟಿಗೆ ಕೊಂಡಾಗಿನ ಕೊರಗು ಬೆಂಗಳೂರಿನಲ್ಲಿ ವರ್ಷಗಟ್ಟಲೆ ಕೇಳಿಸಿತು. ಆದರೆ ಆಯ್ಕೆ ಎಂಬುದರಲ್ಲಿ ಎಷ್ಟು ಪಾಲು ಜಾಣತನ, ಎಷ್ಟು ಪಾಲು ಅದೃಷ್ಟ? ಕೇಡ್ ಮ್ಯಾಸಿ ಮತ್ತು ಮುಂದೆ ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ ಇದನ್ನು ಲೆಕ್ಕ ಹಾಕಿ ನೋಡಿದರು. ಒಂದೇ ಸ್ಥಾನದಲ್ಲಿ ಆಡುವ ಇಬ್ಬರು ಡ್ರಾಫ್ಟ್‌ನಲ್ಲಿ ಒಬ್ಬರ ಹಿಂದೆ ಒಬ್ಬರು ಆಯ್ಕೆಯಾದರೆ, ಮೊದಲು ಆಯ್ಕೆಯಾದವನೇ ಮುಂದೆ ಹೆಚ್ಚು ಮಿಂಚುವ ಸಾಧ್ಯತೆ ಎಷ್ಟು? ನಾಣ್ಯ ಚಿಮ್ಮಿದ್ದಕ್ಕಿಂತ ಸ್ವಲ್ಪವೇ ಮೇಲು. ಕೋಟ್ಯಂತರ ಡಾಲರ್ ಸುರಿದು, ವರ್ಷವಿಡೀ ಕಾಲೇಜು ಕಾಲೇಜು ಸುತ್ತಿ, ಹುಡುಗರ ಎತ್ತರ ತೂಕ ಓಟ ಎಲ್ಲ ಅಳೆದ ಮೇಲಿನ ಫಲಿತಾಂಶ ಇದು. ಅವರ ಇನ್ನೊಂದು ಮಾತು ಇನ್ನೂ ಮುಖ್ಯ. ಮೇಲಿನ ಸರದಿಗಾಗಿ ತಂಡಗಳು ತೆರುವ ಬೆಲೆ ಅದರಿಂದ ಬರುವ ಪ್ರಯೋಜನಕ್ಕಿಂತ ಹೆಚ್ಚು. ಎಲ್ಲರಿಗೂ ತಮ್ಮ ಕಣ್ಣಿನ ಮೇಲೆ ಅತಿ ನಂಬಿಕೆ.

ಈ ಆಟದ ಅತಿ ದೊಡ್ಡ ತಾರೆಯರಲ್ಲೊಬ್ಬನಾದ ಟಾಮ್ ಬ್ರೇಡಿಯ ಕಥೆಯನ್ನು ಜಾಣ ಆಯ್ಕೆಗೆ ಉದಾಹರಣೆಯಾಗಿ ಹೇಳುವವರಿದ್ದಾರೆ. 2000ದ ಡ್ರಾಫ್ಟ್, ಆರನೇ ಸುತ್ತು, 199ನೆಯವನು. ಆದರೆ ಅವನನ್ನು ಆರಿಸಿದ ಪೇಟ್ರಿಯಟ್ಸ್ ತಂಡ ಅದೇ ಡ್ರಾಫ್ಟ್‌ನಲ್ಲಿ ಬ್ರೇಡಿಗಿಂತ ಮೊದಲು ಇನ್ನೂ ಆರು ಜನರನ್ನು ಆರಿಸಿತ್ತು. ಅವನು ಬ್ರೇಡಿ ಎಂದು ಗೊತ್ತಿದ್ದರೆ ಯಾರಾದರೂ ಆರು ಸಲ ಕೈಬಿಡುತ್ತಿದ್ದರೇ? ಅಲ್ಲಿ ಮೆಚ್ಚಬೇಕಾದದ್ದು ಬೇರೆ: ಕೊನೆಯ ಸುತ್ತುಗಳಲ್ಲೂ ಕೈಯಲ್ಲಿ ಸರದಿಗಳು ಉಳಿದಿದ್ದವು, ಕಳೆದುಕೊಳ್ಳುವುದು ಏನೂ ಇಲ್ಲದ ಜಾಗದಲ್ಲಿ ಒಂದು ಪ್ರಯತ್ನ ಮಾಡಿದರು, ಹುಡುಗನ ಆಟ ಕಂಡ ಮೇಲೆ ದಾರಿ ಬಿಟ್ಟರು.

ನನಗೆ ಅನಿಸುವುದು ಇಷ್ಟು. ಜಿಎಂನನ್ನು ಆರಿಸಿದ ಹೆಸರುಗಳಿಂದ ಅಳೆಯಬಾರದು. ಪ್ರತಿ ಹೆಸರಿಗೆ ಎಷ್ಟು ಬೆಲೆ ಕೊಟ್ಟ, ತಪ್ಪಿದ್ದು ಗೊತ್ತಾದ ಮೇಲೆ ಏನು ಮಾಡಿದ, ಇವೆರಡನ್ನು ನೋಡಬೇಕು. ಇದನ್ನು ಪರೀಕ್ಷಿಸಲು ಸಾಂತಾ ಕ್ಲಾರಾದ ಜಾನ್ ಲಿಂಚ್‌ಗಿಂತ ಒಳ್ಳೆಯ ಪಾತ್ರ ಸಿಗುವುದಿಲ್ಲ.

ಲಿಂಚ್ ಆಟಗಾರನಾಗಿ ದೊಡ್ಡ ಹೆಸರು, ಆಮೇಲೆ ಟೀವಿಯಲ್ಲಿ ವೀಕ್ಷಕ ವಿವರಣೆಗಾರ. ಯಾವ ತಂಡದ ಕಚೇರಿಯಲ್ಲೂ ಕೆಲಸ ಮಾಡದೆ 2017ರಲ್ಲಿ ನೇರವಾಗಿ ಫೋರ್ಟಿನೈನರ್ಸ್ ಜಿಎಂ ಆದರು. ಮೊದಲ ಡ್ರಾಫ್ಟ್‌ನಲ್ಲೇ ಅವರ ಇಡೀ ವೃತ್ತಿಯ ನಕಲು ಸಿಗುತ್ತದೆ. ಮೊದಲ ಸುತ್ತಿನಲ್ಲಿ ಆರಿಸಿದ ಇಬ್ಬರೂ ವಿಫಲ. ಐದನೇ ಸುತ್ತಿನಲ್ಲಿ, 146ನೆಯವನಾಗಿ ಸಿಕ್ಕಿದ್ದು ಜಾರ್ಜ್ ಕಿಟಲ್. ಆತ ಆಡುವ ಟೈಟ್ ಎಂಡ್ ಸ್ಥಾನದಲ್ಲಿ ಆತನಂಥವರು ಬೆರಳೆಣಿಕೆ.

2021ರ ಮಾರ್ಚ್ 26ರಂದು ಲಿಂಚ್ ದೊಡ್ಡ ಜೂಜಿಗಿಳಿದರು. ಕೈಯಲ್ಲಿ 12ನೇ ಸರದಿ ಇತ್ತು. ಅದನ್ನೂ, ಮುಂದಿನ ಎರಡು ವರ್ಷಗಳ ಮೊದಲ ಸುತ್ತಿನ ಸರದಿಗಳನ್ನೂ, ಮೇಲೊಂದು ಮೂರನೇ ಸುತ್ತಿನದನ್ನೂ ಮಯಾಮಿಗೆ ಕೊಟ್ಟು 3ನೇ ಸರದಿ ಕೊಂಡರು. ಇಂಥ ವ್ಯಾಪಾರಕ್ಕೆ 1990ರ ದಶಕದ ಆರಂಭದಲ್ಲಿ ಡಲ್ಲಸ್ ಕೌಬಾಯ್ಸ್ ಮಾಡಿದ ಒಂದು ದರಪಟ್ಟಿ ಇದೆ, ಕೋಚ್ ಜಿಮ್ಮಿ ಜಾನ್ಸನ್ ಹೆಸರಿನಲ್ಲಿ ಪ್ರಸಿದ್ಧ. ಅದರಲ್ಲಿ 3ನೇ ಸರದಿಗೆ 2200 ಅಂಕ, 12ನೆಯದಕ್ಕೆ 1200. ಅಂತರ 1000. ಮುಂದಿನ ವರ್ಷಗಳ ಸರದಿಯನ್ನು ಸೋಡಿ ಕಳೆದೇ ಹಿಡಿಯುವ ರೂಢಿ ಇರುವುದರಿಂದ, ಲಿಂಚ್ ತೆತ್ತ ಬೆಲೆ ಪೇಟೆ ದರಕ್ಕೆ ತೀರ ಹೊರತಾಗಿರಲಿಲ್ಲ. ಕ್ವಾರ್ಟರ್‌ಬ್ಯಾಕ್ ಬೇಕೆಂದಾಗ ಎಲ್ಲರೂ ಹೆಚ್ಚೇ ಕೊಡುತ್ತಾರೆ.

ನನ್ನ ತಕರಾರು ಬೇರೆ ಕಡೆ. ಸರದಿ ಕೊಂಡದ್ದು ಡ್ರಾಫ್ಟ್‌ಗೆ ಒಂದು ತಿಂಗಳು ಮೊದಲು. ಯಾರನ್ನು ಆರಿಸುವುದು ಎಂದು ಆಗಿನ್ನೂ ತೀರ್ಮಾನವಾಗಿರಲಿಲ್ಲ. ಹುಡುಗಿ ನೋಡುವ ಮೊದಲೇ ಛತ್ರಕ್ಕೆ ಮುಂಗಡ ಕೊಟ್ಟ ಹಾಗೆ. ಕೊನೆಗೆ ಆರಿಸಿದ ಟ್ರೇ ಲ್ಯಾನ್ಸ್ ನಾರ್ತ್ ಡಕೋಟಾ ಸ್ಟೇಟ್ ವಿಶ್ವವಿದ್ಯಾಲಯದ ಹುಡುಗ. ಕಾಲೇಜು ಆಟದ ಕೆಳಗಿನ ದರ್ಜೆಯಲ್ಲಿ ಒಂದೇ ಪೂರ್ತಿ ಋತು ಆಡಿದ್ದ, ಕೋವಿಡ್ ವರ್ಷದಲ್ಲಿ ಒಂದೇ ಪಂದ್ಯ. ಪುರಾವೆ ಇಷ್ಟು ತೆಳು ಇದ್ದಾಗ ಮೂರು ವರ್ಷದ ಮೊದಲ ಸುತ್ತನ್ನು ಒಬ್ಬನ ಮೇಲೆ ಕಟ್ಟಿದ್ದು ತಪ್ಪು, ಆತ ಗೆದ್ದಿದ್ದರೂ ತಪ್ಪೇ. ಅಂದ ಹಾಗೆ ಮಾರಿಬಿಟ್ಟ ಆ 12ನೇ ಸರದಿ ಕೈಯಿಂದ ಕೈಗೆ ಹೋಗಿ ಡಲ್ಲಸ್ ಸೇರಿತು, ಅದರಲ್ಲಿ ಡಲ್ಲಸ್‌ಗೆ ಮುಂದೆ ರಕ್ಷಣೆಯ ತಾರೆಯಾದ ಮೈಕಾ ಪಾರ್ಸನ್ಸ್ ಸಿಕ್ಕ. ಅದನ್ನು ಲಿಂಚ್ ತಲೆಗೆ ಕಟ್ಟುವುದು ಅನ್ಯಾಯ, ಆದರೂ ಕೆಂಪಂಗಿಯವರು ಬಿಡುವುದಿಲ್ಲ.

ಲ್ಯಾನ್ಸ್ ಫೋರ್ಟಿನೈನರ್ಸ್ ಪರ ಆರಂಭಿಸಿದ್ದು ಒಟ್ಟು ನಾಲ್ಕು ಪಂದ್ಯ. 2022ರ ಸೆಪ್ಟೆಂಬರ್‌ನಲ್ಲಿ ಕಣಕಾಲು ಮುರಿಯಿತು. ಆಗ ಬೆಂಚಿನ ಮೇಲೆ ಹಳೆಯ ಕ್ವಾರ್ಟರ್‌ಬ್ಯಾಕ್ ಜಿಮ್ಮಿ ಗರಾಪಲೋ ಇದ್ದ. ಅವನನ್ನು ಮಾರಲು ಬೇಸಿಗೆಯಿಡೀ ಓಡಾಡಿ, ಭುಜದ ಶಸ್ತ್ರಚಿಕಿತ್ಸೆಯಾದ ಆಟಗಾರನನ್ನು ಯಾರೂ ಕೊಳ್ಳದೆ, ಕಡಿಮೆ ಸಂಬಳಕ್ಕೆ ಒಪ್ಪಿಸಿ ಉಳಿಸಿಕೊಂಡಿದ್ದರು. ಡಿಸೆಂಬರ್‌ನಲ್ಲಿ ಅವನ ಪಾದವೂ ಮುರಿಯಿತು. ಮೂರನೆಯವನಾಗಿ ಇಳಿದದ್ದು ಬ್ರಾಕ್ ಪರ್ಡಿ, 2022ರ ಡ್ರಾಫ್ಟ್‌ನ ಕಟ್ಟಕಡೆಯ ಆಯ್ಕೆ, 262ನೆಯವನು. ಅಮೆರಿಕದವರು ಆ ಕೊನೆಯವನಿಗೆ 'ಲೆಕ್ಕಕ್ಕಿಲ್ಲದ ಮಹಾಶಯ' ಎಂಬರ್ಥದ ಬಿರುದು ಕೊಟ್ಟು ನಗುವ ಪದ್ಧತಿಯಿದೆ. ಆ ಮಹಾಶಯ ತಂಡವನ್ನು 2024ರ ಫೆಬ್ರವರಿಯ ಸೂಪರ್ ಬೌಲ್‌ಗೆ ಕೊಂಡೊಯ್ದ. ಹೆಚ್ಚುವರಿ ಸಮಯದಲ್ಲಿ 25–22ರಿಂದ ಸೋತರು, ಎದುರಿಗಿದ್ದದ್ದು ಮಹೋಮ್ಸ್.

ಈಗ ಲಿಂಚ್‌ಗೆ ಎಷ್ಟು ಅಂಕ ಕೊಡುತ್ತೀರಿ? ಪರ್ಡಿಯನ್ನು ಗುರುತಿಸಿದ ಕಣ್ಣು ಎಂದು ಹೊಗಳಿದರೆ, ಅದೇ ಡ್ರಾಫ್ಟ್‌ನಲ್ಲಿ ಅವನಿಗಿಂತ ಮೊದಲು ಎಂಟು ಜನರನ್ನು ಆರಿಸಿದ ಕಣ್ಣೂ ಅದೇ. ಲ್ಯಾನ್ಸ್ ವಿಷಯದಲ್ಲಿ ಬೈದರೆ, ಅವನಾದ ಮೇಲಿನ ನಡೆಯನ್ನೂ ಹೇಳಬೇಕು. ಇಷ್ಟು ತೆತ್ತಿದ್ದೇವೆ, ಇವನನ್ನೇ ಆಡಿಸಬೇಕು ಎಂದು ಹಠ ಹಿಡಿಯುವುದು ಮನುಷ್ಯ ಸಹಜ. ದುಬಾರಿ ಸೀರೆ ಚೆನ್ನಾಗಿಲ್ಲದಿದ್ದರೂ ದುಡ್ಡು ಕೊಟ್ಟಿದ್ದೇವಲ್ಲ ಎಂದು ಉಡುವುದಿಲ್ಲವೇ? ಲಿಂಚ್ ಮತ್ತು ಕೋಚ್ ಕೈಲ್ ಶಾನಹನ್ ಹಾಗೆ ಮಾಡಲಿಲ್ಲ. 2023ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ನನ್ನು ಡಲ್ಲಸ್‌ಗೆ ಕೊಟ್ಟರು. ಬಂದದ್ದು ನಾಲ್ಕನೇ ಸುತ್ತಿನ ಒಂದೇ ಸರದಿ. ಊರೆಲ್ಲ ನಕ್ಕಿತು, ತಂಡ ಉಳಿಯಿತು.

ಫಿಲಡೆಲ್ಫಿಯಾ ಈಗಲ್ಸ್‌ನ ಹೌವಿ ರೋಸ್‌ಮನ್ ಇದೇ ಕಲೆಯಲ್ಲಿ ಇನ್ನೂ ಪಳಗಿದವರು. 2020ರ ಡ್ರಾಫ್ಟ್‌ನಲ್ಲಿ 21ನೆಯವನಾಗಿ ಜೇಲೆನ್ ರೇಗರ್‌ನನ್ನು ಆರಿಸಿದರು. ಮರು ಸರದಿಯಲ್ಲೇ ಮಿನೆಸೋಟ ಎತ್ತಿಕೊಂಡದ್ದು ಜಸ್ಟಿನ್ ಜೆಫರ್ಸನ್‌ನನ್ನು. ಒಂದು ಪೀಳಿಗೆಗೊಮ್ಮೆ ಬರುವಂಥ ಆಟಗಾರ ಕೈಗೆ ಸಿಕ್ಕಿಯೂ ಜಾರಿದ. ಅದೇ ಡ್ರಾಫ್ಟ್‌ನ ಎರಡನೇ ಸುತ್ತಿನಲ್ಲಿ, ತಂಡದಲ್ಲಿ ದುಬಾರಿ ಕ್ವಾರ್ಟರ್‌ಬ್ಯಾಕ್ ಇರುವಾಗಲೇ, 53ನೆಯವನಾಗಿ ಜೇಲೆನ್ ಹರ್ಟ್ಸ್‌ನನ್ನು ತಂದು ಬೈಸಿಕೊಂಡರು. ಐದು ವರ್ಷದ ನಂತರ ಹರ್ಟ್ಸ್ ಸೂಪರ್ ಬೌಲ್‌ನ ಶ್ರೇಷ್ಠ ಆಟಗಾರ. ಒಬ್ಬನೇ ಮನುಷ್ಯ, ಎರಡು ದಿನ, ಒಂದು ಮಹಾ ತಪ್ಪು, ಒಂದು ಮಹಾ ಲಾಭ. ರೇಗರ್ ಆಗುವುದಿಲ್ಲ ಎಂದು ಖಚಿತವಾದಾಗ ಅವರು ಕೂತು ಕಾಯಲಿಲ್ಲ. 2022ರ ಡ್ರಾಫ್ಟ್ ರಾತ್ರಿ 18 ಮತ್ತು 101ನೇ ಸರದಿಗಳನ್ನು ಟೆನೆಸಿ ಟೈಟನ್ಸ್‌ಗೆ ಕೊಟ್ಟು ಎ.ಜೆ. ಬ್ರೌನ್‌ನನ್ನು ಕೊಂಡರು, ನಾಲ್ಕು ವರ್ಷಕ್ಕೆ 10 ಕೋಟಿ ಡಾಲರ್ ಕರಾರಿನೊಂದಿಗೆ.

ಆ ವ್ಯಾಪಾರದ ಇನ್ನೊಂದು ತುದಿಯಲ್ಲಿದ್ದ ಟೈಟನ್ಸ್ ಜಿಎಂ ಜಾನ್ ರಾಬಿನ್‌ಸನ್ ಅವರ ಕಥೆ ಕೇಳಿ. ಆರು ವರ್ಷದಲ್ಲಿ ಒಮ್ಮೆಯೂ ತಂಡ ಸೋಲಿನ ಲೆಕ್ಕದಲ್ಲಿ ಋತು ಮುಗಿಸಿರಲಿಲ್ಲ. 2022ರ ಡಿಸೆಂಬರ್ 4ರಂದು ಟೈಟನ್ಸ್ ಫಿಲಡೆಲ್ಫಿಯಾಕ್ಕೆ ಬಂತು. ಬ್ರೌನ್ ತನ್ನ ಹಳೆಯ ತಂಡದ ಎದುರು ಎರಡು ಟಚ್‌ಡೌನ್ ಹೊಡೆದ, ಈಗಲ್ಸ್ 35–10ರಿಂದ ಗೆದ್ದಿತು. ಎರಡು ದಿನದ ನಂತರ ರಾಬಿನ್‌ಸನ್ ಕೆಲಸ ಹೋಯಿತು. ಆಗ ತಂಡದ ಲೆಕ್ಕ 7 ಗೆಲುವು, 5 ಸೋಲು. ತಮ್ಮ ವಿಭಾಗದಲ್ಲಿ ಮೊದಲ ಸ್ಥಾನ! ಅವರು ಹೋದ ಮೇಲೆ ಉಳಿದ ಐದೂ ಪಂದ್ಯ ಸೋತರು.

ಗಮ್ಮತ್ತೆಂದರೆ ಅದೇ ವಸಂತದಲ್ಲಿ ಚೀಫ್ಸ್ ಕೂಡ ಇದೇ ಕೆಲಸ ಮಾಡಿತ್ತು. ಹೆಚ್ಚು ಸಂಬಳ ಕೇಳುತ್ತಿದ್ದ ತನ್ನ ಅತ್ಯುತ್ತಮ ರಿಸೀವರ್, ಎಂದರೆ ಎಸೆದ ಚೆಂಡು ಹಿಡಿದು ಓಡುವ ಆಟಗಾರ, ಟೈರೀಕ್ ಹಿಲ್‌ನನ್ನು ಮಯಾಮಿಗೆ ಮಾರಿತ್ತು. ಹಿಲ್ ಸೊರಗಲಿಲ್ಲ, ಮಯಾಮಿಯಲ್ಲಿ ಎರಡು ವರ್ಷವೂ ತಲಾ 1700 ಗಜಕ್ಕೂ ಮೀರಿ ಗಳಿಸಿದ. ಆದರೂ ಆ ಎರಡೂ ವರ್ಷ ಸೂಪರ್ ಬೌಲ್ ಚೀಫ್ಸ್‌ದು. ಒಂದೇ ಬಗೆಯ ನಿರ್ಧಾರಕ್ಕೆ ಒಬ್ಬರಿಗೆ ಹಾರ, ಇನ್ನೊಬ್ಬರಿಗೆ ಗಂಟುಮೂಟೆ. ಮಹೋಮ್ಸ್ ಇದ್ದ ಮನೆಯೇ ಬೇರೆ ಎನ್ನಿ, ನಿಜ. ಆದರೆ ಬೆಲೆಯನ್ನೂ ನೋಡಿ. ವೀಚ್‌ಗೆ ಸಿಕ್ಕದ್ದು ಐದು ಸರದಿ, ಅದರಲ್ಲಿ ಮೊದಲ ಸುತ್ತಿನದೊಂದು, ಎರಡನೇ ಸುತ್ತಿನದೊಂದು. ರಾಬಿನ್‌ಸನ್‌ಗೆ ಎರಡು. ಆ ಎರಡರಲ್ಲಿ ಮೊದಲನೆಯದನ್ನು ಬ್ರೌನ್ ಜಾಗಕ್ಕೆ ಇನ್ನೊಬ್ಬ ರಿಸೀವರ್ ತರಲು ಬಳಸಿದರು, ಅವನು ಬ್ರೌನ್‌ನ ಹತ್ತಿರಕ್ಕೂ ಬರಲಿಲ್ಲ. ಮಿಕ್ಕ ಟಿಕೆಟ್ ಒಂದೇ ಇದ್ದರೆ ಲಾಟರಿ ಹೊಡೆಯುವುದು ಕಷ್ಟ.

ಇನ್ನು ದುಡ್ಡಿನ ಲೆಕ್ಕ. ಇದು ಮೈದಾನದಲ್ಲಿ ಕಾಣದ ಸಾಲ. ಕರಾರಿಗೆ ಸಹಿ ಹಾಕುವಾಗ ಆಟಗಾರನಿಗೆ 4 ಕೋಟಿ ಡಾಲರ್ ಮುಂಗಡ ಕೊಟ್ಟರೆನ್ನಿ. ದುಡ್ಡು ಅಂದೇ ಅವನ ಖಾತೆಗೆ ಹೋಗುತ್ತದೆ. ಮಿತಿಯ ಪುಸ್ತಕದಲ್ಲಿ ಮಾತ್ರ ಅದನ್ನು ಐದು ವರ್ಷದವರೆಗೆ ಹಂಚಿ ಬರೆಯಬಹುದು, ವರ್ಷಕ್ಕೆ 80 ಲಕ್ಷದಂತೆ. ಎರಡು ವರ್ಷಕ್ಕೇ ಅವನನ್ನು ಬಿಟ್ಟರೆ ಉಳಿದ 2.4 ಕೋಟಿ ತಂಡದ ತಲೆಗೆ ಬಂದು ಕೂರುತ್ತದೆ. ಆಟಗಾರ ಇಲ್ಲ, ಬಿಲ್ ಇದೆ. ಡೆನ್ವರ್ ಬ್ರಾಂಕೋಸ್ 2024ರಲ್ಲಿ ರಸೆಲ್ ವಿಲ್ಸನ್‌ನನ್ನು ಬಿಟ್ಟಾಗ ಹೀಗೆ ಉಳಿದ ಬಾಕಿ 8.5 ಕೋಟಿ ಡಾಲರ್, ಲೀಗ್‌ನಲ್ಲಿ ಅದುವರೆಗೆ ಕಂಡಿರದ ಮೊತ್ತ. ಕೆಲಸ ಉಳಿಸಿಕೊಳ್ಳಲು ಹೆಣಗುವ ಜಿಎಂಗೆ ಈ ಸಾಲ ಬಲು ರುಚಿ. ಗೆಲುವು ಇವನ ಕಾಲಕ್ಕೆ, ಬಿಲ್ ಮುಂದಿನವನಿಗೆ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ಆದ್ದರಿಂದ ಈ ವರ್ಷದ ಗೆಲುವುಗಳ ಪಕ್ಕದಲ್ಲೇ ಮುಂದಿನ ಮೂರು ವರ್ಷಕ್ಕೆ ಎಷ್ಟು ಬರೆದಿಟ್ಟಿದ್ದಾನೆ ಎಂದು ನೋಡದೆ ಅಂಕ ಕೊಡಬಾರದು.

ಹಾಗೆಂದು ಸಾಲವೆಲ್ಲ ಕೆಟ್ಟದ್ದಲ್ಲ. ಲಾಸ್ ಏಂಜಲೀಸ್ ರ‍್ಯಾಮ್ಸ್‌ನ ಲೆಸ್ ಸ್ನೀಡ್ 2017ರಿಂದ 2023ರವರೆಗೆ ಒಬ್ಬನೇ ಒಬ್ಬ ಮೊದಲ ಸುತ್ತಿನ ಆಟಗಾರನನ್ನು ಆರಿಸಲಿಲ್ಲ, ಆ ಸರದಿಗಳಲ್ಲಿ ಹೆಚ್ಚಿನವನ್ನು ಮಾರಿ ಪಳಗಿದ ಆಟಗಾರರನ್ನು ತಂದರು. 2022ರ ಫೆಬ್ರವರಿಯಲ್ಲಿ ಸೂಪರ್ ಬೌಲ್ ಗೆದ್ದರು. ಮರುವರ್ಷ 5–12, ಹಾಲಿ ಚಾಂಪಿಯನ್ನರ ಇತಿಹಾಸದಲ್ಲೇ ಕಳಪೆ. ಆ ಟ್ರೋಫಿಗೆ ಈ ಬೆಲೆ ಸರಿಯೇ ಎಂದು ಲಾಸ್ ಏಂಜಲೀಸ್‌ನವರನ್ನು ಕೇಳಿ, ಯಾರೂ ಇಲ್ಲ ಎನ್ನುವುದಿಲ್ಲ. ಕ್ವಾರ್ಟರ್‌ಬ್ಯಾಕ್ ಮ್ಯಾಥ್ಯೂ ಸ್ಟಾಫರ್ಡ್‌ಗಾಗಿ ಅವರು ಡೆಟ್ರಾಯಿಟ್‌ಗೆ ಕೊಟ್ಟ ಜ್ಯಾರೆಡ್ ಗಾಫ್ 2024ರಲ್ಲಿ ಆ ತಂಡವನ್ನು 15–2ಕ್ಕೆ ಮುಟ್ಟಿಸಿದ. ಇಬ್ಬರೂ ಗೆದ್ದ ವ್ಯಾಪಾರವೂ ಇರುತ್ತದೆ. ಅಭಿಮಾನಿಗಳಿಗೆ ಮಾತ್ರ ಒಬ್ಬ ಸೋತರೇ ಸಮಾಧಾನ.

ಬೆಲೆ ಮತ್ತು ಹಿಂದಿರುಗುವ ದಾರಿ, ಎರಡನ್ನೂ ಒಟ್ಟಿಗೆ ಮರೆತರೆ ಏನಾಗುತ್ತದೆ? ವಾಟ್ಸನ್‌ಗೆ ಬರೋಣ. 2017ರಲ್ಲಿ ಅವನನ್ನು ಆರಿಸಬಹುದಾಗಿದ್ದ ಸರದಿಯನ್ನೇ ಮಾರಿದ್ದ ಬ್ರೌನ್ಸ್, 2022ರ ಮಾರ್ಚ್‌ನಲ್ಲಿ ಅದೇ ವಾಟ್ಸನ್‌ಗಾಗಿ ಹ್ಯೂಸ್ಟನ್‌ಗೆ ಮೂರು ಮೊದಲ ಸುತ್ತಿನ ಸರದಿ ಮತ್ತು ಇನ್ನೂ ಮೂರನ್ನು ಕೊಟ್ಟಿತು. ಆಗ ಅವನ ಮೇಲೆ ಲೈಂಗಿಕ ದುರ್ವರ್ತನೆ ಆರೋಪಿಸಿ ಇಪ್ಪತ್ತಕ್ಕೂ ಹೆಚ್ಚು ಮಹಿಳೆಯರು ಹೂಡಿದ ಸಿವಿಲ್ ದಾವೆಗಳಿದ್ದವು. ಆತ ಆರೋಪಗಳನ್ನು ನಿರಾಕರಿಸಿದ್ದ. ಇದೆಲ್ಲ ಕಣ್ಣಮುಂದಿರುವಾಗಲೇ ಬ್ರೌನ್ಸ್ ಐದು ವರ್ಷಕ್ಕೆ 23 ಕೋಟಿ ಡಾಲರ್ ಕರಾರು ಬರೆದುಕೊಟ್ಟಿತು, ಆಡಲಿ ಬಿಡಲಿ ಪೈಸೆ ಪೈಸೆಗೂ ಖಾತರಿ. ಆಮೇಲೆ ಲೀಗ್ ಅವನನ್ನು 11 ಪಂದ್ಯ ಹೊರಗಿಟ್ಟಿತು. ಮೂರು ಋತುವಿನಲ್ಲಿ ಆತ ಆಡಿದ್ದು 19 ಪಂದ್ಯ. ಲ್ಯಾನ್ಸ್‌ನನ್ನು ಲಿಂಚ್ ನಾಲ್ಕನೇ ಸುತ್ತಿಗಾದರೂ ಮಾರಬಹುದಿತ್ತು. ಖಾತರಿ ದುಡ್ಡು ಹೊತ್ತ ವಾಟ್ಸನ್‌ನನ್ನು ಯಾರಿಗೂ ದಾನ ಕೊಡಲೂ ಆಗುವಂತಿರಲಿಲ್ಲ.

ಆದರೆ ಇದು ಜಿಎಂ ಆಂಡ್ರ್ಯೂ ಬೆರಿ ಅವರ ತಪ್ಪೇ? ತಂಡದ ಮಾಲೀಕರ ಒಪ್ಪಿಗೆ ಇಲ್ಲದೆ 23 ಕೋಟಿ ಡಾಲರ್‌ಗೆ ಯಾವ ಜಿಎಂ ಸಹಿ ಹಾಕುತ್ತಾನೆ? ಮಾಲೀಕ ಜಿಮ್ಮಿ ಹ್ಯಾಸ್ಲಮ್ 2025ರಲ್ಲಿ ಅದು ದೊಡ್ಡ ಎಡವಟ್ಟಾಯಿತೆಂದು ಬಹಿರಂಗವಾಗಿಯೇ ಒಪ್ಪಿಕೊಂಡರು. ಎಷ್ಟೋ ತಂಡಗಳಲ್ಲಿ ಜಿಎಂ ಬರೀ ಹೆಸರಿಗೆ. ಪೇಟ್ರಿಯಟ್ಸ್‌ನಲ್ಲಿ ಎರಡು ದಶಕ ಕೊನೆಯ ಮಾತು ಕೋಚ್ ಬಿಲ್ ಬೆಲಿಚಿಕ್‌ದು. ಡಲ್ಲಸ್‌ನಲ್ಲಂತೂ 1989ರಿಂದ ಮಾಲೀಕನೂ ಜಿಎಂ ಕೂಡ ಜೆರಿ ಜೋನ್ಸ್ ಒಬ್ಬರೇ. ಆ ತಂಡ ಕೊನೆಯ ಸಲ ಸೂಪರ್ ಬೌಲ್ ಗೆದ್ದದ್ದು 1996ರ ಜನವರಿಯಲ್ಲಿ. ಬೇರೆ ಯಾವ ಜಿಎಂಗೂ ಇಷ್ಟು ವರ್ಷದ ಸಾವಧಾನ ಸಿಗುತ್ತಿರಲಿಲ್ಲ. ವಜಾ ಪತ್ರಕ್ಕೆ ಸಹಿ ಹಾಕಬೇಕಾದವರೂ ಅವರೇ ತಾನೆ.

ಆದ್ದರಿಂದ ಡ್ರಾಫ್ಟ್ ಮುಗಿದ ಮರುದಿನ ಪತ್ರಿಕೆಗಳು ಕೊಡುವ ಎ, ಬಿ, ಸಿ ದರ್ಜೆಗಳನ್ನು ನಾನು ತಮಾಷೆಗೆ ಓದುತ್ತೇನೆ. ಒಂದು ಡ್ರಾಫ್ಟ್ ಹಣ್ಣೋ ಕಾಯೋ ಎಂದು ತಿಳಿಯಲು ಮೂರು ವರ್ಷವಾದರೂ ಬೇಕು. ಅದಕ್ಕಿಂತ ಒಳ್ಳೆಯ ಸುಳಿವು ಎರಡನೇ ಕರಾರಿನಲ್ಲಿರುತ್ತದೆ. ಅಗ್ಗದ ನಾಲ್ಕು ವರ್ಷ ಮುಗಿದ ಮೇಲೆ ತಾನೇ ಆರಿಸಿದ ಎಷ್ಟು ಜನರಿಗೆ ಪೇಟೆ ದರ ಕೊಟ್ಟು ಉಳಿಸಿಕೊಂಡ, ಯಾರನ್ನು ಬಿಟ್ಟ, ಬಿಟ್ಟವರು ಬೇರೆ ಕಡೆ ಏನಾದರು ಎಂಬುದು ಜಿಎಂನ ಕಣ್ಣಿಗೆ ನಿಜವಾದ ಪರೀಕ್ಷೆ. ಹೊಸ ಹುಡುಗನ ಬಗ್ಗೆ 32 ತಂಡಗಳಿಗೂ ಗೊತ್ತಿರುವುದು ಹೆಚ್ಚುಕಡಿಮೆ ಅಷ್ಟೇ. ನಾಲ್ಕು ವರ್ಷ ಮನೆಯಲ್ಲಿಟ್ಟುಕೊಂಡು ಸಾಕಿದವನ ಬಗ್ಗೆ ಗೊತ್ತಿರಬೇಕಾದದ್ದು ಇವನೊಬ್ಬನಿಗೆ.

ಆ ಪರೀಕ್ಷೆ ಲಿಂಚ್‌ಗೂ ಬಂತು. 2023ರಲ್ಲಿ ಪರ್ಡಿಯ ಮೂಲ ಸಂಬಳ 8.7 ಲಕ್ಷ ಡಾಲರ್. ಕ್ವಾರ್ಟರ್‌ಬ್ಯಾಕ್ ಇಷ್ಟು ಅಗ್ಗವಾಗಿದ್ದಾಗ ತಂಡದ ಇತರ ಮೂಲೆಗಳಲ್ಲೆಲ್ಲ ತಾರೆಯರನ್ನು ಕೂರಿಸಬಹುದಿತ್ತು, ಕೂರಿಸಿದರು ಕೂಡ. 2025ರ ಮೇ ತಿಂಗಳಲ್ಲಿ ಪರ್ಡಿಗೆ ಐದು ವರ್ಷಕ್ಕೆ 26.5 ಕೋಟಿ ಡಾಲರ್ ಬರೆದುಕೊಟ್ಟರು. ಅದಕ್ಕೂ ಎರಡು ತಿಂಗಳು ಮೊದಲೇ ಉಗ್ರಾಣ ಖಾಲಿಯಾಗತೊಡಗಿತ್ತು. ಡ್ರೆ ಗ್ರೀನ್‌ಲಾ, ಟಲನೋವಾ ಹುಫಾಂಗ ಇಬ್ಬರೂ ಡೆನ್ವರ್‌ಗೆ ಹೋದರು, ಡೀಬೋ ಸ್ಯಾಮ್ಯುಯೆಲ್‌ನನ್ನು ವಾಷಿಂಗ್ಟನ್‌ಗೆ ಕೊಟ್ಟರು. ಡೀಬೋ ಬದಲಿಗೆ ಲಿಂಚ್ ಕೈಗೆ ಬಂದದ್ದು ಐದನೇ ಸುತ್ತಿನ ಒಂದು ಸರದಿ, 147ನೆಯದು. ಎಂಟು ವರ್ಷ ಹಿಂದೆ ಕಿಟಲ್ ಸಿಕ್ಕಿದ್ದು ಅದರ ಹಿಂದಿನದರಲ್ಲಿ.